ಮೀನಿಗೆ ಬೇಕಾದಷ್ಟು ಕತ್ತಲೆ

ಮೀನಿನ ಎಡಗಡೆಯ ಮೀಸೆ ತುದಿಯಲ್ಲಿ ಕಡಿದುಹೋಗಿತ್ತು. ಕತ್ತರಿಯಿಂದ ಕತ್ತರಿಸಿದ ಹಾಗೆ ನೇರವಾಗಿ ಅಲ್ಲ, ಹಲ್ಲಿನಲ್ಲಿ ಜಗಿದು ಬಿಟ್ಟ ದಾರದ ತುದಿಯ ಹಾಗೆ, ಎಳೆ ಎಳೆಯಾಗಿ. ಬಲಗಡೆಯದು ಪೂರ್ತಿ ಇತ್ತು. ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡಿದ್ದ ಅದನ್ನು ತಿರುಗಿಸಿ ನೋಡಿದೆ. ಹೊಟ್ಟೆಯ ಬದಿಯ ಚರ್ಮ ಉಜ್ಜಿ ಉಜ್ಜಿ ಕೆಂಪಾಗಿತ್ತು, ಕೆಂಪಿನ ಅಂಚಿನಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹಿಡಿಯಲು ಶುರುವಾಗಿತ್ತು.

“ನಿಮ್ಮ ಫೀಡ್ ಸರಿ ಇಲ್ರಿ ಮೇಡಂ,” ಎಂದರು ಎದುರಿಗೆ ನಿಂತಿದ್ದ ಹೆಂಗಸು. “ತಿಂದದ್ದು ಮೈಗೆ ಹತ್ತವಲ್ದು.”

ನಾನು ಮೀನಿನ ಆಹಾರ ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮಾರುವುದು ನಾನಲ್ಲ. ಮಾರಿದ ಮೇಲೆ ಬರುವ ಬೈಗುಳ ಕೇಳಿಸಿಕೊಳ್ಳುವ ವಿಭಾಗ ನನ್ನದು. ಅದಕ್ಕೆ ತಾಂತ್ರಿಕ ನೆರವು ಎಂಬ ಗೌರವದ ಹೆಸರಿದೆ. ಮೀನಿನ ಆರೋಗ್ಯದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಪುಣೆಗೆ ಬಂದವಳನ್ನು ಈ ಶೆಡ್ಡಿಗೆ ಕಳಿಸುವಾಗ ನಮ್ಮ ಮ್ಯಾನೇಜರರು ನೋಡಿದ ಅರ್ಹತೆ ಒಂದೇ: ಗಿರಾಕಿಗಳು ಕನ್ನಡದವರು, ನನಗೂ ಕನ್ನಡ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿ ಕರಾವಳಿಯಲ್ಲಿ ಓದಿದವಳ ಕನ್ನಡಕ್ಕೂ ವಿಜಯಪುರದ ಕಡೆಯಿಂದ ಬಂದು ಎರಡು ತಲೆಮಾರಿನಿಂದ ಪುಣೆಯಲ್ಲಿ ವ್ಯಾಪಾರ ಮಾಡುತ್ತಿರುವವರ ಕನ್ನಡಕ್ಕೂ ನಡುವೆ ಎಷ್ಟು ದೂರವಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ಪ್ರಕಾರ ಕರ್ನಾಟಕವೆಂದರೆ ಒಂದೇ ತಟ್ಟೆಯ ಇಡ್ಲಿ.

ಯೆರವಡಾದ ನನ್ನ ರೂಮಿನಿಂದ ಸ್ವಾರಗೇಟಿಗೆ ಒಂದು ಬಸ್ಸು, ಅಲ್ಲಿಂದ ಸೋಲಾಪುರ ರಸ್ತೆ ಹಿಡಿಯುವ ಇನ್ನೊಂದು. ಕುರಕುಂಭದ ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿಯುವ ಸ್ವಲ್ಪ ಮೊದಲೇ ಇಳಿದರೆ ಕಬ್ಬಿನ ಗದ್ದೆಯ ಪಕ್ಕದಲ್ಲಿ ಆ ತಗಡಿನ ಶೆಡ್ಡು. ಮೊದಲ ದಿನ ಬಾಗಿಲು ಸರಿಸಿದವಳು ಕಣ್ಣಿಗೆ ಕೈ ಅಡ್ಡ ಹಿಡಿದೆ. ಒಳಗೆ ಸಾಲಾಗಿ ತಾಡಪತ್ರಿಯ ದುಂಡನೆಯ ತೊಟ್ಟಿಗಳು. ಪ್ರತಿ ತೊಟ್ಟಿಯ ನೆತ್ತಿಯ ಮೇಲೂ ಗೊಂಚಲು ಗೊಂಚಲಾಗಿ ಬಿಳಿ ದೀಪಗಳು. ಸಾಲದ್ದಕ್ಕೆ ಚಾವಣಿಯ ಅಂಚಿನುದ್ದಕ್ಕೂ ಬಣ್ಣ ಬದಲಿಸುವ ದೀಪದ ಪಟ್ಟಿ. ಎದುರುಗೋಡೆಗೆ ಆಳೆತ್ತರದ ಕನ್ನಡಿ. ಯಾವುದಾದರೂ ಮೀನಿಗೆ ಸೆರಗು ಹೆಗಲ ಮೇಲೆ ಹಾಕಿ ನೋಡಿಕೊಳ್ಳಬೇಕು ಅನ್ನಿಸಿದರೆ ಅನುಕೂಲವಾಗಲಿ ಎಂದಿರಬೇಕು.

ಕಾರಣ ಸರಳ. ಅವರದು ಸೀರೆ ಅಂಗಡಿಯ ಮನೆತನ. ಪೇಟೆಯಲ್ಲಿ ಇಳಕಲ್ ಸೀರೆಗೆ ಹೆಸರಾದ ಅಂಗಡಿ. ಆ ಅಂಗಡಿಯನ್ನು ಹೊಸದು ಮಾಡಿದಾಗ ಕಿತ್ತ ದೀಪ, ಕನ್ನಡಿಗಳೆಲ್ಲ ಇಲ್ಲಿಗೆ ಬಂದಿದ್ದವು. ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸದ ಜನ. ಮೀನು ಎಂಬ ಶಬ್ದವನ್ನೇ ಅವರು ಬಾಯಲ್ಲಿ ತರುತ್ತಿರಲಿಲ್ಲ, ಮಾಲು ಎನ್ನುತ್ತಿದ್ದರು. ಮಾಲು ಎಂದ ಮೇಲೆ ಬೆಳಕು ಬೇಕೇ ಬೇಕು. ಬೆಳಕಿನಲ್ಲಿ ಇಟ್ಟ ಮಾಲು ಎದ್ದು ಕಾಣುತ್ತದೆ, ಎದ್ದು ಕಂಡದ್ದು ಬಿಕರಿಯಾಗುತ್ತದೆ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ತೊಟ್ಟಿಯಲ್ಲಿ ಇದ್ದದ್ದು ದೇಶಿ ಮಾಗೂರು ಎಂಬುದೊಂದನ್ನು ಬಿಟ್ಟರೆ.

ಮಾಗೂರು ಕೆಸರಿನ ಮೀನು. ಕಣ್ಣು ಹೆಸರಿಗೆ ಮಾತ್ರ. ಲೋಕವನ್ನೆಲ್ಲ ಮೀಸೆಯಿಂದ ಮುಟ್ಟಿ ತಿಳಿದುಕೊಳ್ಳುತ್ತದೆ. ಹಗಲಲ್ಲಿ ಅಡಗಿದ್ದು ಕತ್ತಲಾದ ಮೇಲೆ ಮೇವಿಗೆ ಹೊರಡುವುದು ಅದರ ಜಾಯಮಾನ. ಮೇವನ್ನು ಕಣ್ಣಿಂದ ಕಂಡು ಹಿಡಿಯುವ ಮೀನುಗಳಿವೆ. ಅವುಗಳ ಮರಿಗಳಿಗೆ ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಹೆಚ್ಚು ತಿಂದು ಬೇಗ ಬೆಳೆಯುವುದುಂಟು. ಎಲ್ಲೋ ಅದನ್ನು ಕೇಳಿಕೊಂಡು ಬಂದು ಮಾಗೂರಿನ ತಲೆಯ ಮೇಲೆ ದೀಪ ಉರಿಸಿದರೆ, ಅದು ತೊಟ್ಟಿಯ ನಡುವಿನ ಕೊಳವೆಯ ನೆರಳಿಗೆ ನುಗ್ಗುತ್ತದೆ. ಎಲ್ಲವೂ ಅಲ್ಲಿಗೇ ನುಗ್ಗುತ್ತವೆ. ಒಂದರ ಮೇಲೊಂದು ಬಿದ್ದು, ಉಜ್ಜಿ, ಸಿಟ್ಟಿಗೆದ್ದು ಮೀಸೆ ಕಡಿದುಕೊಳ್ಳುತ್ತವೆ. ಗಾಯಕ್ಕೆ ಬೂಷ್ಟು ಹಿಡಿಯುತ್ತದೆ. ಹಾಕಿದ ಮೇವು ಹಾಗೇ ಕೊಳೆತು ನೀರು ಕೆಡುತ್ತದೆ. ಕೊನೆಗೆ ಎಲ್ಲರೂ ಸೇರಿ ಮೇವಿನ ಕಂಪನಿಯನ್ನು ಬೈಯುತ್ತಾರೆ, ಕಂಪನಿ ನನ್ನನ್ನು ಬಸ್ಸು ಹತ್ತಿಸುತ್ತದೆ.

ಫೀಡ್ ಸರಿ ಇಲ್ಲ ಎಂದ ಆ ಹೆಂಗಸು ಮನೆಯ ಕಿರಿಯ ಸೊಸೆ, ಶೆಡ್ಡನ್ನು ನಡೆಸುತ್ತಿದ್ದವರು ಅವರೇ. ಎಲ್ಲರ ಹಾಗೆ ನಾನೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆದೆ. ಗಂಡ ನೇಕಾರರ ಊರುಗಳಲ್ಲಿ ಸೀರೆಯ ಮಾಲು ಹಿಡಿಯುತ್ತ ತಿಂಗಳಲ್ಲಿ ಹೆಚ್ಚು ದಿನ ಊರಾಚೆ. ಅಂಗಡಿಯ ಗಾದಿಯ ಮೇಲೆ ಗಂಡನ ಅಣ್ಣ, ಅಂದರೆ ವೈನಿಯ ಭಾವ. ಅಂಗಡಿಯಲ್ಲಿ ವೈನಿಗೆ ಇದ್ದ ಜಾಗವೆಂದರೆ ದೀಪಾವಳಿ ಪೂಜೆಯ ಫೋಟೋದಲ್ಲಿ ಎರಡನೆಯ ಸಾಲು. ಮೀನಿನ ಶೆಡ್ಡು ಅವರದೇ ಯೋಚನೆ, ಅವರದೇ ತರಬೇತಿ, ಅವರದೇ ಓಡಾಟ. ಈಗ ಅದನ್ನು ಭಾವ ಕೇಳುತ್ತಿದ್ದರು. ಲಗ್ನದ ಸೀಜನ್ ಬರುತ್ತದೆ, ಸೀರೆ ಇಡಲು ಗೋದಾಮು ಬೇಕು. ಗುಡಿ ಪಾಡ್ವಾದೊಳಗೆ, ಅಂದರೆ ನಮ್ಮ ಯುಗಾದಿಯೊಳಗೆ, ಮಾಲು ದಪ್ಪಗಾಗದಿದ್ದರೆ ತೊಟ್ಟಿ ಕಿತ್ತುಹಾಕುವುದು. ತೀರ್ಪಿಗೆ ಮುಂಚೆಯೇ ಜಾರಿಯೂ ಆಗಿತ್ತು: ಸಂಕ್ರಾಂತಿಗೆ ತರಿಸಿ ಮಾರಾಟವಾಗದೆ ಉಳಿದ ಕಪ್ಪು ಚಂದ್ರಕಾಳಿ ಸೀರೆಗಳ ಗಂಟುಗಳು ಶೆಡ್ಡಿನ ಒಂದು ಮೂಲೆ ಹಿಡಿದು ಕುಳಿತಿದ್ದವು.

“ದೀಪ ಆರಿಸಿ,” ಎಂದೆ ನಾನು. “ಫೀಡ್ ಆಮೇಲೆ ನೋಡೋಣ.”

ವೈನಿ ನನ್ನನ್ನು ನೋಡಿದ ರೀತಿಗೆ, ನಾನು ಅವರ ತಾಳಿಯ ಬಗ್ಗೆ ಏನೋ ಅಂದೆನೇನೋ ಅನ್ನಿಸಿತು.

“ಅದನ್ನ ಆರ್ಸಾಕ ಬರೂದಿಲ್ರಿ. ನಮ್ಮ ಅತ್ತಿ ಹಚ್ಯಾರ.”

“ಅಂದರೆ?”

“ಅಂದ್ರ, ಪೂಜಾದ ದಿನ ಸ್ವಿಚ್ಚಿಗೆ ಕುಂಕುಮ ಹಚ್ಚಿ ಅವರs ಚಾಲೂ ಮಾಡ್ಯಾರ. ಮೊದಲ ಮಾಲು ಬಾಗಲಾ ದಾಟೂತನಕಾ ಈ ದೀಪ ಆರಬಾರದು ಅಂದಾರ. ಅಂಗಡೀಗೂ ಹಂಗs ಮಾಡಿದ್ರು. ಅಂಗಡಿ ನಡೀಲಿಲ್ಲೇನ್ರಿ?”

ಸ್ವಿಚ್ಚಿನ ಮೇಲೆ ನಿಜವಾಗಿಯೂ ಕುಂಕುಮದ ಬೊಟ್ಟಿತ್ತು, ಒಂದು ಒಣಗಿದ ಹೂವನ್ನು ಟೇಪು ಹಾಕಿ ಅಂಟಿಸಿದ್ದರು. ಕರೆಂಟು ಹೋದರೆ ದೀಪಕ್ಕೆ ಇನ್ವರ್ಟರ್ ಇತ್ತು. ನೀರಿಗೆ ಗಾಳಿ ಊದುವ ಪಂಪಿಗೆ ಇರಲಿಲ್ಲ. ಮಾಗೂರು ಮೇಲೆ ಬಂದು ಗಾಳಿ ನುಂಗಬಲ್ಲ ಮೀನು, ಹಾಗಾಗಿ ಬದುಕಿಕೊಂಡಿತ್ತು. ಬೇರೆ ಯಾವ ಜಾತಿಯಾಗಿದ್ದರೂ ಆ ಪವಿತ್ರ ಬೆಳಕಿನಲ್ಲಿ ಉಸಿರುಕಟ್ಟಿ ತೇಲುವುದನ್ನು ಸ್ಪಷ್ಟವಾಗಿ ನೋಡಬಹುದಿತ್ತು.

ನಾನು ವಿವರಿಸಿದೆ. ಕತ್ತಲಿನಲ್ಲಿ ಮಾತ್ರ ಮೈಯಲ್ಲಿ ಹುಟ್ಟುವ ರಸವೊಂದಿದೆ, ಅದರಿಂದಲೇ ಮೀನಿಗೆ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುವುದು. ಅದು ತಪ್ಪಿದರೆ ಹಸಿವು ತಪ್ಪುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ. ಪೂರ್ತಿ ಕತ್ತಲೆಯೂ ಬೇಡ, ಬೆಳಿಗ್ಗೆ ಸ್ವಲ್ಪ ಹೊತ್ತು ಮಂದ ಬೆಳಕು ಸಾಕು. ವೈನಿ ತರಬೇತಿ ಪಡೆದವರು, ಎಲ್ಲವನ್ನೂ ಗಮನ ಕೊಟ್ಟು ಕೇಳಿದರು. ಕೇಳಿ, “ತಿಳೀತ್ರಿ. ಆದ್ರ ಇದನ್ನ ಭಾವನವರಿಗೆ ನೀವs ಹೇಳ್ರಿ,” ಎಂದರು.

ಭಾವನವರಿಗೆ ಹೇಳುವುದು ಹೇಗೆಂದು ಮುಂದಿನ ಭೇಟಿಯಲ್ಲಿ ಗೊತ್ತಾಯಿತು. ಆ ಮನೆಯಲ್ಲಿ ಭಾವ ಮತ್ತು ಕಿರಿಯ ಸೊಸೆ ಎದುರೆದುರು ಮಾತಾಡುವ ಪದ್ಧತಿ ಇಲ್ಲ. ಮಧ್ಯೆ ಒಬ್ಬರು ಬೇಕು. ಸಾಮಾನ್ಯವಾಗಿ ಅದು ಅತ್ತೆ, ಇಲ್ಲವೇ ಮನೆಯ ಕೂಸು; ಆವತ್ತು ನಾನು. ಇಬ್ಬರೂ ನನ್ನಿಂದ ಒಂದೊಂದು ಮಾರು ದೂರದಲ್ಲಿ ನಿಂತಿದ್ದರು. ವೈನಿ ಸೆರಗು ತಲೆಯ ಮೇಲೆಳೆದುಕೊಂಡು ತೊಟ್ಟಿಯ ಕಡೆ ಮುಖ ಮಾಡಿದ್ದರು, ಭಾವ ಕನ್ನಡಿಯ ಕಡೆ.

“ಮೇಡಂ, ಕತ್ತಲಾಗ ಇಟ್ಟ ಮಾಲು ಯಾರು ತಗೋತಾರ ಅಂತ ಕೇಳ್ರಿ ಆಕೀನ,” ಎಂದರು ಭಾವ.

ನಾನು ವೈನಿಯ ಕಡೆ ತಿರುಗಿದೆ. ಅವರು ಕೇಳಿಸಿಕೊಂಡಿದ್ದರು, ಆದರೂ ನಾನು ತಿರುಗಲೆಂದು ಕಾದರು.

“ಗಿರಾಕಿ ತೂಕಾ ನೋಡಿ ತಗೋತಾರ, ಬಣ್ಣ ನೋಡಿ ಅಲ್ಲ ಅಂತ ಹೇಳ್ರಿ ಭಾವನವರಿಗೆ.”

ಟೆಲಿಫೋನ್ ಕಂಬದಷ್ಟು ನಿಷ್ಠೆಯಿಂದ ನಾನು ಈ ಕಡೆ ತಿರುಗಿದೆ. ಪುಣೆಯಲ್ಲಿ ನನ್ನ ಸ್ನಾತಕೋತ್ತರ ಪದವಿ ಅಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

“ಸರ್, ಇದು ಮಾಲಲ್ಲ, ಜೀವ. ಇದಕ್ಕೆ ಬೆಳಕಿನಲ್ಲಿ ಹೆದರಿಕೆ ಆಗುತ್ತೆ,” ಎಂದೆ, ನನ್ನದೂ ಒಂದು ಸೇರಿಸೋಣವೆಂದು.

“ಮಾಲಲ್ಲಂದ್ರ ಮತ್ತೇನ್ರಿ, ಬೀಗರೇನು? ಹೆದರತಾವಂತ ಪರದೆ ಕಟ್ಟಿ, ಹಾಸಿಗಿ ಹಾಸಿ ಮಲಗಸೂಣೇನು?” ಅವರು ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡರು. “ಅವ್ವ ಹಚ್ಚಿದ ದೀಪ ನಾ ಆರಸಂಗಿಲ್ಲ. ಪಾಡ್ವಾಕ್ಕ ನೋಡಾಕ ಬರತೀನಿ. ಆಕಿಗೆ ಹೇಳ್ರಿ.”

ಆಕಿಗೆ ಹೇಳಿದೆ.

ಕಾರು ಹೋದ ಮೇಲೆ ವೈನಿ ಸೆರಗು ಕೆಳಗಿಳಿಸಿ ಮೇವಿನ ಚೀಲದ ಮೇಲೆ ಕುಳಿತರು. ಅಳಲಿಲ್ಲ. ಅಳುವವರಾಗಿದ್ದರೆ ನನಗೆ ಕಷ್ಟವಾಗುತ್ತಿತ್ತು. ಇನ್ನೊಬ್ಬರ ಹೆಗಲ ಮೇಲೆ ಕೈಯಿಡುವ ಕಲೆ ನನಗೆ ಬಾರದು. ಅವರು ಕೇಳಿದ್ದು ಇಷ್ಟೇ:

“ದೀಪ ಆರಬೇಕೇನ್ರಿ, ಇಲ್ಲಾ ಮಾಲಿಗೆ ಕತ್ತಲಿ ಆದ್ರ ಸಾಕೇನ್ರಿ?”

“ಕತ್ತಲೆ ಆದರೆ ಸಾಕು. ದೀಪ ತನ್ನ ಪಾಡಿಗೆ ಉರಿದುಕೊಳ್ಳಲಿ, ಮೀನಿಗೇನು.”

ಅವರು ಮೂಲೆಯ ಗಂಟುಗಳ ಕಡೆ ನೋಡಿದರು. ನಾನೂ ನೋಡಿದೆ. ಪುಣೆಯಲ್ಲಿ ಕಪ್ಪು ಸೀರೆ ಕೊಳ್ಳುವುದು ಸಂಕ್ರಾಂತಿಗೆ. ಆ ದಿನ ದಾಟಿದರೆ ಮುಂದಿನ ಜನವರಿಯವರೆಗೆ ಅದನ್ನು ಕೇಳುವವರಿಲ್ಲ. ಸೀರೆ ವ್ಯಾಪಾರದಲ್ಲಿ ಅದಕ್ಕಿಂತ ಸತ್ತ ಮಾಲು ಇನ್ನೊಂದಿಲ್ಲ. ವೈನಿ ಎದ್ದು ಹೋಗಿ ಒಂದು ಗಂಟು ಬಿಚ್ಚಿ, ಸೀರೆಯೊಂದನ್ನು ಒಂದೇ ಏಟಿಗೆ ಝಾಡಿಸಿ ಬಿಡಿಸಿದರು. ಗಾದಿಯ ಮೇಲೆ ಕೂರಲು ಬಿಡದಿದ್ದರೇನಂತೆ, ಕೈ ಆ ಮನೆಯದೇ.

ನಾನು ತಕರಾರು ತೆಗೆದೆ. ತಕರಾರು ನನ್ನ ವೃತ್ತಿ. ಬಣ್ಣ ಬಿಟ್ಟರೆ ನೀರು ಕೆಡುತ್ತದೆ, ಹಾಗಾಗಿ ಬಟ್ಟೆ ನೀರಿಗೆ ತಾಗಬಾರದು. ತೊಟ್ಟಿಯ ಬಾಯಿಯ ಮೇಲೆ ಅಡ್ಡಡ್ಡ ಹಗ್ಗ ಬಿಗಿದು, ಅದರ ಮೇಲೆ ಎರಡು ಮಡಿಕೆ ಮಾಡಿ ಹರಡಬೇಕು. ಗಾಳಿಯಾಡಲು ಒಂದು ಬದಿ ಬಿಟ್ಟಿರಬೇಕು, ಆ ಬದಿ ದೀಪಕ್ಕೆ ಬೆನ್ನು ಹಾಕಿರಬೇಕು. ತೆಗೆಯುವಾಗ ಒಮ್ಮೆಲೇ ಎಳೆಯಬಾರದು. ಕತ್ತಲಿನಲ್ಲಿದ್ದ ಮೀನಿನ ಮೇಲೆ ಥಟ್ಟನೆ ಬೆಳಕು ಬಿದ್ದರೆ ಗಾಬರಿಬಿದ್ದು ಗೋಡೆಗೆ ಹಾಯುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಒಂದು ಅಂಚು ಮಾತ್ರ ಮೆಲ್ಲಗೆ ಸರಿಸಿದರೆ ಸಾಕು, ಅಷ್ಟೇ ಅವುಗಳ ಹಗಲು. ವೈನಿ ಎಲ್ಲಕ್ಕೂ ಹೂಂ ಎಂದರು. ಅಪರಾಹ್ನದ ಹೊತ್ತಿಗೆ ತೊಟ್ಟಿಗಳೆಲ್ಲ ಕೆಂಪು ಅಂಚಿನ ಕರಿ ಸೀರೆ ಹೊದ್ದು ಕುಳಿತಿದ್ದವು. ಮೇಲೆ ಅತ್ತೆಯವರ ದೀಪ ಝಗಝಗ ಉರಿಯುತ್ತಿತ್ತು. ಹರಕೆಗೂ ಭಂಗವಿಲ್ಲ, ವಿಜ್ಞಾನಕ್ಕೂ ಭಂಗವಿಲ್ಲ. ಕರೆಂಟಿನ ಬಿಲ್ಲಿಗಂತೂ ಏನೇನೂ ಭಂಗವಿಲ್ಲ.

ಕಂಪನಿಯಲ್ಲಿ ಮ್ಯಾನೇಜರರು, “ಏನು ಪರಿಹಾರ ಕೊಟ್ಟೆ?” ಎಂದು ಕೇಳಿದರು. ಬೆಳಕಿನ ನಿರ್ವಹಣೆ ಎಂದೆ. ಅವರಿಗೆ ಶಬ್ದ ಹಿಡಿಸಿತು. ಅದನ್ನು ಬೇರೆ ಗಿರಾಕಿಗಳಿಗೂ ಒಂದು ಸೇವೆಯಾಗಿ ಮಾರಬಹುದೇ ಎಂದು ಯೋಚಿಸತೊಡಗಿದರು. ಸೀರೆಯ ವಿಷಯ ನಾನು ಎತ್ತಲಿಲ್ಲ.

ಮುಂದಿನ ವಾರಗಳಲ್ಲಿ ಹೋದಾಗಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಟ್ಟೆಗೆ ಕಿವಿಯಿಟ್ಟು ನಿಲ್ಲುವುದು. ಮೊದಮೊದಲು ಏನೂ ಇರಲಿಲ್ಲ. ಆಮೇಲೊಂದು ದಿನ, ಮೇವು ಬಿದ್ದ ತಕ್ಷಣ ಕೆಳಗೆ ಪಚಪಚ ಸದ್ದು. ನೂರಾರು ಬಾಯಿಗಳು ಶಿಷ್ಟಾಚಾರ ಮರೆತು ಉಣ್ಣುವ ಸದ್ದು. ಕೊಳವೆಯ ಸುತ್ತ ರಾಶಿಬಿದ್ದಿದ್ದ ಮೀನುಗಳು ತೊಟ್ಟಿಯ ತುಂಬ ಹರಡಿಕೊಂಡವು. ಗಾಯಗಳ ಮೇಲೆ ಹೊಸ ಚರ್ಮ ಬಂತು. ಕಡಿದ ಮೀಸೆ ಕೂಡ ಮೊಂಡಾಗಿ ಮತ್ತೆ ಚಿಗುರಿತು. ಮೈ ತುಂಬಿಕೊಂಡವು. ಮೇವು ಬದಲಾಗಿರಲಿಲ್ಲ, ಅದೇ ಚೀಲ, ಅದೇ ಬೈಸಿಕೊಂಡ ಫೀಡು. ವೈನಿ ಇನ್ನಷ್ಟು ಚೀಲ ಕಳಿಸಿ ಎಂದರು. ನಮ್ಮ ಕಡೆ ಕ್ಷಮೆ ಕೇಳುವುದೂ ಹೆಚ್ಚುಕಡಿಮೆ ಹೀಗೇ.

ಪಾಡ್ವಾದ ಹಿಂದಿನ ದಿನ ಭಾವ ಬಂದರು. ಎಲ್ಲರೂ ಆಯಿ ಎನ್ನುವ ತಾಯಿಯನ್ನೂ ಕರೆತಂದಿದ್ದರು. ಆಯಿಯ ಹರಕೆಯ ಶೆಡ್ಡು. ಮುಚ್ಚುವುದಿದ್ದರೆ ಅವರ ಎದುರಿಗೇ ಮುಚ್ಚಬೇಕು ಎಂಬ ಲೆಕ್ಕ. ಬಾಗಿಲಲ್ಲಿ ನಿಂತ ಭಾವನ ಮುಖ, ತೊಟ್ಟಿಗಳ ಮೇಲೆ ತನ್ನದೇ ಅಂಗಡಿಯ ಅಂಚು ಸೆರಗುಗಳನ್ನು ಗುರುತು ಹಿಡಿಯುತ್ತ ಹೋದ ಹಾಗೆ, ಒಂದೊಂದೇ ತೊಟ್ಟಿಗೆ ಒಂದೊಂದು ಬಣ್ಣವಾಯಿತು.

“ಮೇಡಂ,” ಎಂದರು ನನಗೆ. “ಇದೇನಂತ ಕೇಳ್ರಿ ಆಕೀನ. ಇವು ಸೀರಿ ಅದಾವ, ನೆಲಾ ಒರಸೂ ಅರಿವಿ ಅಲ್ಲ. ಹೆಣ್ಣಮಕ್ಕಳು ಉಡೂ ಸೀರಿ ತಂದು ಮಾಲಿಗೆ ಉಡಿಸ್ಯಾಳಲ್ಲ!”

ನಾನು ತಿರುಗುವಷ್ಟರಲ್ಲಿ ಆಯಿ ಮುಂದೆ ಹೋಗಿದ್ದರು. ಮೊದಲ ತೊಟ್ಟಿಯ ಹತ್ತಿರ ನಿಂತು, ಸೀರೆಯನ್ನು ಅಂಗೈಯಿಂದ ಸವರಿ, ಎರಡೂ ಕೈ ಮುಗಿದರು.

“ಗಂಗವ್ವಗ ಸೀರಿ ಉಡಿಸೀರೇನ?”

ವೈನಿ ನನ್ನನ್ನು ನೋಡಿದರು. ನನ್ನ ಬಾಯಿ ಆಗಲೇ ಅರ್ಧ ತೆರೆದಿತ್ತು. ಬೆಳಕಿನ ಪ್ರಮಾಣ, ಮೀಸೆಯ ಗಾಯ, ಕತ್ತಲಲ್ಲಿ ಹುಟ್ಟುವ ರಸ, ಎಲ್ಲ ಕ್ರಮವಾಗಿ ನಾಲಗೆಯ ತುದಿಯಲ್ಲಿದ್ದವು.

“ಹೂಂನ್ರಿ ಅತ್ತಿ,” ಎಂದರು ವೈನಿ.

ನಾನು ಬಾಯಿ ಮುಚ್ಚಿದೆ.

“ಉಡಸೂದು ಛಲೋ ಮಾಡೀರಿ. ಆದ್ರ ಕರೇದು ಯಾಕs?” ಆಯಿ ಮಗನ ಕಡೆ ತಿರುಗಿದರು. “ಮುತ್ತೈದಿ ಆಕಿ. ಗಂಗವ್ವಗ ಯಾರರ ಕರೇ ಸೀರಿ ಉಡಸ್ತಾರೇನೋ? ಅದಕs ಮಾಲು ಮ್ಯಾಲ ಏಳವಲ್ದು ಅಂತಿದ್ದಿ. ಹಸರು ತರಸು.”

“ಅವ್ವಾ, ಗಂಗವ್ವ ಅಲ್ಲs, ಅದು ಪ್ಲಾಸ್ಟಿಕ್ ತೊಟ್ಟಿ—”

“ಅಂಗಡಿ ಯಾರಿಂದ ನಡೀಲಿಕ್ಕತ್ತದ, ನಿನ್ನ ಶಾಣ್ಯಾತನದಿಂದೇನು?”

“ಸೀಜನ್‌ಗೆ ಗೋದಾಮು ಬೇಕs ಅವ್ವಾ. ಇವನ್ನ ತಗೀಬೇಕಂತ ಮಾಡೀನಿ.”

ಆಯಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಉಡಿಸಿದ ಸೀರಿ ಬಿಚ್ಚತಿಯೇನೋ? ಹಬ್ಬದ ಹಿಂದಿನ ದಿನಾ? ಸೀರಿ ಮಾರಿ ಹೊಟ್ಟಿ ಹೊರಕೋಳಾಂವ ನೀ!”

ಭಾವ ಹತ್ತಿರದ ತೊಟ್ಟಿಗೆ ಹೋಗಿ, ಗಿರಾಕಿ ಸೆರಗು ಎತ್ತಿ ನೋಡುವಷ್ಟೇ ನಾಜೂಕಾಗಿ ಬಟ್ಟೆಯ ಒಂದು ಮೂಲೆ ಎತ್ತಿದರು. ಒಳಗೆ ಕಪ್ಪಗೆ, ದಪ್ಪಗೆ, ಮೀಸೆ ಅಲ್ಲಾಡಿಸುತ್ತ ಮಾಗೂರುಗಳು ಬೆಳಕಿನಿಂದ ಹಿಂದೆ ಸರಿದವು. ಅವರು ಬಹಳ ಹೊತ್ತು ನೋಡಿದರು. ವೈನಿಯ ಕೈ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿತ್ತು.

“ಇದರಾಗ ಯಾವುದು ಹೊರಗ ಹೋಗತದ ಮೊದಲು?” ಎಂದು ನನ್ನನ್ನು ಕೇಳಿದರು.

“ಈ ತೊಟ್ಟಿಯದೇ. ಇನ್ನು ಸ್ವಲ್ಪ ದಿನ.”

ಅವರು ಬಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟು ಫೋನು ತೆಗೆದು ಅಂಗಡಿಗೆ ಹೇಳಿದರು: ಹಸಿರು ಸೀರೆ ಕಳಿಸಿ, ಝರಿ ಕಡಿಮೆ ಇದ್ದದ್ದು, ಅಂಚಿನಲ್ಲಿ ಡಾಗು ಬಿದ್ದದ್ದಿದ್ದರೆ ಇನ್ನೂ ಛಲೋ. ಫೋನು ಕಿಸೆಗಿಟ್ಟು ನನ್ನ ಕಡೆ ತಿರುಗಿದರು.

“ಗೋದಾಮು ಬ್ಯಾರೆ ಕಡೆ ನೋಡತೀನಿ. ಸೀರಿ ತೊಯ್ಯಿಸಬ್ಯಾಡಂತ ಹೇಳ್ರಿ ಆಕಿಗೆ.”

ನಾನು ತಿರುಗಿದೆ. ವೈನಿ ತೊಟ್ಟಿಯ ಕಡೆ ಮುಖ ಮಾಡಿ ನಿಂತಿದ್ದರು, ಹೆಗಲು ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. “ಹೂಂ ಅಂತ ಹೇಳ್ರಿ,” ಎಂದರು.

ಹೀಗೆ ವಿಜ್ಞಾನ ಗೆದ್ದಿತು. ಅದರ ಕಡೆಯಿಂದ ಒಂದು ಮಾತನ್ನೂ ಯಾರೂ ಆಡಬೇಕಾಗಿ ಬರಲಿಲ್ಲ.

ಹಸಿರು ಸೀರೆಗಳು ಬಂದ ಮೇಲೆ ಆಯಿಯೇ ನಿಂತು ಒಂದೊಂದು ತೊಟ್ಟಿಗೂ ಉಡಿಸಿದರು. ಕರಿಯದನ್ನು ತೆಗೆಯಬೇಕೆಂದರು, ಅದು ಒಳಲಂಗದ ಹಾಗೆ ಇರಲಿ ಅತ್ತಿ ಎಂದರು ವೈನಿ, ಆಯಿಗೆ ಅದು ಒಪ್ಪಿಗೆಯಾಯಿತು.

ಮರುದಿನ ಕಂಪನಿಗೆ ರಜೆ. ನಾನು ಬೆಳಿಗ್ಗೆ ಎದ್ದು ಸ್ವಾರಗೇಟಿನಿಂದ ಬಸ್ಸು ಹಿಡಿದೆ. ಬಸ್ಸು ಖಾಲಿ; ದಾರಿಯುದ್ದಕ್ಕೂ ಮನೆಗಳ ಮುಂದೆ ಕೋಲಿನ ತುದಿಗೆ ಸೀರೆ ಕಟ್ಟಿ ಗುಡಿ ಏರಿಸುವ ಗಡಿಬಿಡಿ. ವೈನಿ ಹಬ್ಬಕ್ಕೆ ಮನೆಯಲ್ಲಿದ್ದರು, ಶೆಡ್ಡಿನ ಬೀಗದ ಕೈ ಪಕ್ಕದ ಗದ್ದೆಯವರ ಹತ್ತಿರ ಇತ್ತು. ಒಳಗೆ ನಾನು ಹೆದರಿದಂತೆಯೇ ಆಗಿತ್ತು: ಆಯಿ ಉಡಿಸಿದ್ದು ಭಕ್ತಿಯಿಂದ, ಅಳತೆಯಿಂದಲ್ಲ. ಹಸಿರಿನ ಭಾರಕ್ಕೆ ಕರಿಯದು ಒಂದು ಕಡೆ ಜಾರಿ, ಮೂರನೆಯ ತೊಟ್ಟಿಯ ಅಂಚಿನಲ್ಲಿ ಕೈ ಅಗಲದ ಸಂದು ಬಿಟ್ಟಿತ್ತು. ಅಲ್ಲಿಂದ ಬಿದ್ದ ಬೆಳಕಿನ ಪಟ್ಟಿಯನ್ನು ತಪ್ಪಿಸಿ ಮೀನುಗಳೆಲ್ಲ ಆಚೆ ಬದಿಗೆ ಒತ್ತಿಕೊಂಡಿದ್ದವು. ನನಗೆ ಸೀರೆ ಉಡಲು ಬಾರದು. ಘಟಿಕೋತ್ಸವದ ದಿನ ಹಾಸ್ಟೆಲಿನವರು ಉಡಿಸಿದ್ದರು. ಎರಡೂ ಸೀರೆಗಳನ್ನು ಹಗ್ಗದ ಮೇಲೆ ಮತ್ತೆ ಎಳೆದು ಕೂರಿಸಿ, ಹೆಚ್ಚಾದ ಬಟ್ಟೆಯನ್ನು ಬೆರಳಿಗೆ ಬಂದ ಹಾಗೆ ನಿರಿಗೆ ಹಿಡಿದು, ನೀರಿಗೆ ತಾಗದಂತೆ ಅಂಚಿಗೆ ಬಟ್ಟೆ ಒಣಹಾಕುವ ಚಿಮಟಿಗಳಿಂದ ಬಿಗಿದೆ. ಮೊದಲ ಸಲ ವಕ್ರವಾಯಿತು, ಬಿಚ್ಚಿ ಮತ್ತೆ ಹಿಡಿದೆ. ಆಮೇಲೆ ಬಿಟ್ಟಿದ್ದ ಬದಿಯಿಂದ ಕೈ ತೂರಿಸಿ ಮೇವು ಹಾಕಿದೆ.